ಹಂಡೆ ನೀರು ಮುಗಿಯುವ ತನಕ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಎದ್ದು ಬಚ್ಚಲೊಲೆಯ ಬೂದಿ ತೆಗೆದು ಹಿತ್ತಲ ಬದನೆ ಗಿಡಗಳ ಬುಡಕ್ಕೆ ಹಾಕಿದೆ. ತಮ್ಮನ ಹೆಂಡತಿ ಸುಮಾಳ ಜೊತೆ ಕಣದ ಮೇಲಿನ ಟಾರ್ಪಾಲನ್ನು ಎರಡು ಕಡೆ ಹಿಡಿದು, ಇಬ್ಬನಿ ಕೊಡವಿ ಮಡಚಿದೆ. ಕಾಫಿಯನ್ನು ಬಿಸಿಲಿಗೆ ಹರಡಿ ಕಾಲಲ್ಲಿ ಗೆರೆ ಎಳೆದೆ. ಹಣ್ಣು ಕುಯ್ಯುವವರಿಗೆ ಹತ್ತು ಗಂಟೆಯ ಕಾಫಿ ಕೊಂಡುಹೋಗಿ ಕೊಟ್ಟೆ. ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಸಾವಿತ್ರತ್ತೆಯ ಕನ್ನಡಕದ ಕಾಲು ಸಡಿಲವಾಗಿತ್ತು, ಅದಕ್ಕೆ ದಾರ ಸುತ್ತಿಕೊಟ್ಟೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಪ್ರಕಾಶಕರು ಕಳಿಸಿದ್ದ ಕರಡಚ್ಚಿನ ಹಾಳೆಗಳನ್ನು ತಿದ್ದಿ ಮುಗಿಸಿ, ಅದರಲ್ಲಿ ಒಂದೇ ಒಂದು ಕಥೆಯ ಹಾಳೆಗಳನ್ನು ಬೇರೆ ತೆಗೆದಿಟ್ಟೆ. ಆಮೇಲೆ ಬಚ್ಚಲ ಹಂಡೆಗೆ ನೀರು ತುಂಬಿಸಿದೆ. ದಿನ ತುಂಬಿಸುವ ಹಾಗಲ್ಲ, ಕುತ್ತಿಗೆಯ ತನಕ ತುಂಬಿಸಿದೆ. ನಲ್ಲಿಯ ಕೆಳಗೆ ಕೊಡ ಹಿಡಿಯುತ್ತಿದ್ದ ಸುಮಾ, "ಇಷ್ಟ್ಯಾಕಕ್ಕ ನೀರು? ಎಮ್ಮೆ ತೊಳೀತೀರಾ?" ಅಂದಳು. "ಅತ್ತೆಗೆ ಇವತ್ತು ದೊಡ್ಡ ಸ್ನಾನ" ಅಂದೆ. ಹಂಡೆ ತುಂಬಿಸಿದ್ದಕ್ಕೂ ಆ ಹಾಳೆಗಳನ್ನು ತೆಗೆದಿಟ್ಟದ್ದಕ್ಕೂ ಸಂಬಂಧವಿದೆ. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಬಚ್ಚಲಿನಿಂದಲೇ ಶುರು ಮಾಡಬೇಕು.

ನಮ್ಮ ತವರುಮನೆ ಆಲೂರಿಗೂ ಬಾಳ್ಳುಪೇಟೆಗೂ ನಡುವೆ, ಹೆದ್ದಾರಿ ಬಿಟ್ಟು ಒಳಗೆ, ಒಂದು ಗುಡ್ಡದ ಪಕ್ಕೆಯಲ್ಲಿದೆ. ತೋಟ ದೊಡ್ಡದಲ್ಲ. ಲೆಕ್ಕ ಬರೆಯುವ ರೈಟರನ್ನೋ ಆಳುಗಳನ್ನು ನೋಡುವ ಮೇಸ್ತ್ರಿಯನ್ನೋ ಇಟ್ಟುಕೊಳ್ಳುವಷ್ಟು ಯಾವತ್ತೂ ಇರಲಿಲ್ಲ. ಆಗ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿ ಸಾವಿತ್ರತ್ತೆ, ನಾನು, ನನ್ನ ತಮ್ಮ ಮೋಹನ. ಬಚ್ಚಲು ಅಡುಗೆಮನೆಯ ಹಿಂಬಾಗಿಲಿಗೆ ಅಂಟಿಕೊಂಡಿತ್ತು. ಒಳಗೆ ಕಲ್ಲು ಹಾಸು, ಮೂಲೆಯಲ್ಲಿ ಗೋಡೆಯೊಳಗೆ ಹೂತ ತಾಮ್ರದ ಹಂಡೆ. ಹಂಡೆ ಒಳಗಿದ್ದರೂ ಅದರ ಒಲೆಯ ಬಾಯಿ ಹೊರಗೆ, ತಗಡಿನ ಚಾವಣಿಯ ಕೆಳಗಿತ್ತು. ನಡುವಿನ ಗೋಡೆ ಮಾಡಿನ ತನಕ ಏರಿರಲಿಲ್ಲ, ಹೊಗೆ ಹೋಗಲಿ ಅಂತ ಮೇಲೆ ಒಂದು ಮೊಳ ಬಿಟ್ಟಿದ್ದರು. ಒಳಗಿನವರ ಮುಖ ಹೊರಗಿನವರಿಗೆ ಕಾಣುತ್ತಿರಲಿಲ್ಲ, ಆದರೆ ಚೊಂಬು ಹಂಡೆಗೆ ತಾಗಿದ ಸದ್ದು ಕೂಡ ಕೇಳುತ್ತಿತ್ತು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಸಂಜೆ ಚಳಿ ಶುರುವಾಗುತ್ತಿದ್ದಂತೆ ಎಲ್ಲರೂ ತೋಟದಿಂದ ಬಂದು ಆ ಒಲೆಯ ಮುಂದೆ ಕೂರುತ್ತಿದ್ದೆವು. ಒಬ್ಬೊಬ್ಬರಾಗಿ ಒಳಗೆ ಸ್ನಾನಕ್ಕೆ, ಉಳಿದವರು ಹೊರಗೆ ಬೆಂಕಿಗೆ. ಸಿಲ್ವರ್ ಓಕಿನ ಕೊಂಬೆ, ಕಾಫಿ ಗಿಡ ಸವರಿದ ಕಡ್ಡಿ, ತೆಂಗಿನ ಸೋಗೆ, ಸುಡುವುದಕ್ಕೆ ಏನಾದರೂ ಆಗುತ್ತಿತ್ತು. ಕೆಂಡದಲ್ಲಿ ಗೆಣಸು ಹೂತಿರುತ್ತಿತ್ತು. ಅದು ಬೇಯುವುದರೊಳಗೆ ಯಾರ ಸರದಿ ಬರುತ್ತದೋ ಅವರ ಪಾಲಿಗೆ ನಾನೂ ಮೋಹನನೂ ಕಣ್ಣು ಹಾಕಿರುತ್ತಿದ್ದೆವು.

ಈ ಬೆಂಕಿಯ ಮುಂದೆ ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಬೇರೆ ಮನೆಗಳಲ್ಲಿ ಇದನ್ನು ನಾನು ಕಂಡಿಲ್ಲ. ಯಾರು ಒಳಗೆ ಸ್ನಾನಕ್ಕೆ ಹೋಗುತ್ತಾರೋ ಅವರದೇ ಕಥೆಯನ್ನು ಹೊರಗಿದ್ದವರು ಹೇಳುವುದು. ಅವರು ಬಟ್ಟೆ ಬಿಚ್ಚಿ ನೀರು ಸುರಿದುಕೊಂಡ ಮೇಲೇ ಶುರು. ಹೊರಗೆ ಬಂದು ಬಾಯಿ ಮುಚ್ಚಿಸುವ ಹಾಗಿಲ್ಲವಲ್ಲ. ಒಳಗಿನಿಂದ ಕೂಗಬಹುದು, ಅಷ್ಟೆ. ಅಪ್ಪ ಒಂದು ಸಲ ಮುಸ್ಸಂಜೆಯಲ್ಲಿ ಕಾಡುಹಂದಿ ಅಂತ ಹೆದರಿ ಹಲಸಿನ ಮರ ಹತ್ತಿದ್ದ, ಅದು ಪಕ್ಕದ ತೋಟದವರ ಎಮ್ಮೆ ಕರುವಾಗಿತ್ತು. ಅಪ್ಪ ಸ್ನಾನಕ್ಕೆ ಹೋದಾಗೆಲ್ಲ ಅಮ್ಮ ಇದನ್ನು ಹೊಸದಾಗಿ ಶುರು ಮಾಡುತ್ತಿದ್ದಳು.

"ಆ ಕರು ಮರದ ಕೆಳಗೇ ಮಲಗ್ಬುಡ್ತು. ಇವರು ಮೇಲೇ ಕೂತವ್ರೆ, ದೇವರ ಹೆಸರು ಹೇಳ್ಕೊಂಡು."

"ದೇವರ ಹೆಸರು ಹೇಳ್ಲಿಲ್ಲ ಕಣೇ. ನಿಮ್ಮಪ್ಪನ ಹೆಸರು ಹೇಳ್ದೆ" ಎಂದು ಒಳಗಿನಿಂದ ಅಪ್ಪ.

"ಕೇಳಿದ್ರಾ? ನಮ್ಮಪ್ಪನ ನೆನೆಸ್ಕೊಂಡ್ರಂತೆ. ಹೆದರ್ಕೆ ಆದಾಗ ಮಾವನೇ ಗತಿ."

"ಕತ್ಲಿತ್ತು ಅನ್ನೋದೂ ಸೇರ್ಸು. ಅದನ್ನ ಯಾವಾಗ್ಲೂ ಬುಟ್ಬುಡ್ತೀಯ."

ಮರುದಿನ ಸಂಜೆ ಅಮ್ಮ ಒಳಗೆ, ಅಪ್ಪ ಹೊರಗೆ. ಆಗ ಅಮ್ಮನ ಪಾಡು ಕೇಳುವುದೇ ಬೇಡ. ಅಜ್ಜಿಯ ಸರದಿಯಲ್ಲಿ ಮಾತ್ರ ಎಲ್ಲರೂ ಸ್ವಲ್ಪ ಹುಷಾರು, ಏಕೆಂದರೆ ಅಜ್ಜಿ ಒಳಗಿನಿಂದ ತಿದ್ದುವುದರ ಜೊತೆಗೆ ಹೇಳುವವರ ಹಳೆಯ ಕಥೆಯನ್ನೂ ಎಳೆದು ತರುತ್ತಿದ್ದಳು. ಹೀಗೆ ನಮ್ಮ ಮನೆಯ ಯಾವ ಕಥೆಯೂ ಒಬ್ಬರ ಬಾಯಿಂದ ಪೂರ್ತಿ ಬಂದದ್ದಲ್ಲ. ಅರ್ಧ ಹೊರಗಿನದು, ಅರ್ಧ ಗೋಡೆಯಾಚೆಯದು. ತಿದ್ದಿಸಿಕೊಂಡು ತಿದ್ದಿಸಿಕೊಂಡು ಅವು ಒಳ್ಳೆಯ ಸೌಟಿನ ಹಿಡಿಯ ಹಾಗೆ ನಯವಾಗಿದ್ದವು. ಎಷ್ಟು ಹೊತ್ತು ಹೇಳಬೇಕು ಎನ್ನುವುದನ್ನು ನೀರು ತೀರ್ಮಾನಿಸುತ್ತಿತ್ತು. ಚೊಂಬು ಹಂಡೆಯ ತಳಕ್ಕೆ ತಾಗಿ ಕರಕರ ಅಂದರೆ ಕಥೆಯನ್ನು ಮುಗಿಸಲೇಬೇಕು. ಹೀಗಾಗಿ ಒಳ್ಳೆಯ ಕಥೆ ಇರುವವರ ಸರದಿಗೆ ಮುಂಚೆ ನಾನು ಒಂದು ಕೊಡ ಹೆಚ್ಚಿಗೆ ತಂದು ಸುರಿಯುತ್ತಿದ್ದೆ.

ಇನ್ನೊಂದು ನಿಯಮವೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಒಳಗಿದ್ದವರು ಬೈದರೆ ಹೇಳಬಹುದು, ನಕ್ಕರೆ ಹೇಳಬಹುದು, ಸುಳ್ಳು ಅಂತ ಕೂಗಾಡಿದರೂ ಹೇಳಬಹುದು. ಸುಮ್ಮನಾದರೆ ಮಾತ್ರ ನಿಲ್ಲಿಸಬೇಕು. ಹಾಗೆ ನಿಂತ ಕಥೆಯನ್ನು ಮತ್ತೆ ಎತ್ತುವಂತಿಲ್ಲ. ನನ್ನ ಬಾಲ್ಯದಲ್ಲಿ ಹಾಗೆ ನಿಂತದ್ದು ಒಂದೇ ಕಥೆ, ಅದು ಸಾವಿತ್ರತ್ತೆಯದು.

ಅತ್ತೆ ಆಗ ಸಕಲೇಶಪುರಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಉದ್ದ ಜಡೆ, ಬೆರಳಿಗೆ ಯಾವಾಗಲೂ ಸೂಜಿ ಚುಚ್ಚಿದ ಗುರುತು. ಬಚ್ಚಲ ಮುಂದೆ ಕೂತಾಗ ಹೆದ್ದಾರಿಯ ಕಡೆಯಿಂದ ಲಾರಿ ಬಸ್ಸುಗಳು ದಿಣ್ಣೆ ಏರುವ ಸದ್ದು ಕೇಳುತ್ತಿತ್ತು. ಅತ್ತೆ ಆ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು. "ಇದು ಧರ್ಮಸ್ಥಳದ್ದು, ತುಂಬ ಜನ ಅವ್ರೆ, ಎಳೀತಾ ಇಲ್ಲ." "ಇದು ಖಾಲಿ ಲಾರಿ." ನಮಗೆ ಅದು ಗಡಿಯಾರವಿದ್ದ ಹಾಗೆ. ಮಂಗಳೂರು ಬಸ್ಸು ಹೋಯಿತು ಎಂದು ಅತ್ತೆ ಅಂದರೆ ಅಮ್ಮ ಎದ್ದು ಅನ್ನಕ್ಕೆ ಇಡುತ್ತಿದ್ದಳು.

ಅತ್ತೆಗೆ ಬಾಳ್ಳುಪೇಟೆಯಿಂದ ಒಂದು ಸಂಬಂಧ ಬಂತು. ಅವರಿಗೂ ಒಳಗೆ ಎಲ್ಲೋ ತೋಟ, ಮನೆ ಮಾತ್ರ ಪೇಟೆಯಲ್ಲಿ, ರಸ್ತೆ ಪಕ್ಕದಲ್ಲೇ. ಹುಡುಗ ತೋಟ ನೋಡಿಕೊಂಡಿದ್ದ. ಹೆಣ್ಣು ನೋಡುವ ದಿನ ಗೊತ್ತಾದ ಮೇಲೆ ಅಜ್ಜಿಗೆ ಚಿಂತೆ ಹತ್ತಿದ್ದು ಸೀರೆಯದಲ್ಲ, ತಿಂಡಿಯದೂ ಅಲ್ಲ, ಕಾಫಿಯದು. ನಮ್ಮಂಥ ಸಣ್ಣ ತೋಟದ ಮನೆಗಳಲ್ಲಿ ಒಳ್ಳೆಯ ಕಾಫಿಯನ್ನು ಯಾರೂ ಕುಡಿಯುತ್ತಿರಲಿಲ್ಲ. ಅದು ಮಾರುವ ಕಾಫಿ, ಚೀಲಕ್ಕೆ ಹೋಗುವಂಥದ್ದು. ಗಿಡದ ಕೆಳಗೆ ಉದುರಿದ್ದು, ನೀರಿಗೆ ಹಾಕಿದಾಗ ಜೊಳ್ಳಾಗಿ ತೇಲಿದ್ದು, ಅಳಿಲು ಕಚ್ಚಿ ಬಿಟ್ಟದ್ದು, ಕಣದ ಅಂಚಿನಲ್ಲಿ ಮುಗ್ಗಿದ್ದು, ಇವೆಲ್ಲ ಸೇರಿ ಮನೆ ಕಾಫಿ. ಅದನ್ನು ಒರಳಲ್ಲಿ ಕುಟ್ಟಿ, ಕೇರಿ, ಕಬ್ಬಿಣದ ಬಾಣಲೆಯಲ್ಲಿ ಮುಗ್ಗು ವಾಸನೆ ಹೋಗುವ ತನಕ ಹುರಿಯಬೇಕು. ಅಂದರೆ ಇದ್ದಿಲ ಬಣ್ಣ ಬರಬೇಕು. ಅಮ್ಮ ಹುರಿಯುವ ದಿನ ಅಟ್ಟದ ಇಲಿಗಳೂ ಕೆಮ್ಮುತ್ತಿದ್ದವು ಅಂತ ಅಪ್ಪ ಹೇಳುತ್ತಿದ್ದ. ಆ ಪುಡಿಗೆ ಬೆಲ್ಲ ಹಾಕಿ ಕಾಯಿಸಿದರೆ ಕಪ್ಪಗೆ, ಕಹಿಯಾಗಿ, ಗಂಟಲಲ್ಲಿ ನಿಲ್ಲುವಂಥ ಒಂದು ಪಾನೀಯ ಆಗುತ್ತಿತ್ತು. ನಾವು ಅದನ್ನೇ ಕಾಫಿ ಎಂದು ತಿಳಿದಿದ್ದೆವು. ನೆಂಟರಿಗೂ ಅದೇ. ಅವರ ಮನೆಯಲ್ಲೂ ಅದೇ.

"ಸಂಬಂಧ ಮಾಡಕ್ಕೆ ಬರೋರ್ಗೆ ಉದುರು ಕಾಫಿ ಕೊಡ್ತೀರೇನ್ರೋ? ಮೂಟೆ ಬಿಚ್ಚು" ಎಂದಳು ಅಜ್ಜಿ ಅಪ್ಪನಿಗೆ.

ಹೊಲಿದಿಟ್ಟ ಮೂಟೆಯ ಬಾಯಿ ಬಿಚ್ಚುವುದು ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಅಪ್ಪ ಸೂಜಿದಾರ ಪಕ್ಕದಲ್ಲಿಟ್ಟುಕೊಂಡೇ ಬಿಚ್ಚಿ, ಒಂದು ಸೇರು ತೆಗೆದು, ಅಲ್ಲೇ ಕೂತು ಹೊಲಿದುಬಿಟ್ಟ. ಅಮ್ಮ ಆ ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿದ್ದು ನನಗೆ ನೆನಪಿದೆ. ಒಂದೇ ಅಳತೆಯ, ಕಲೆಯಿಲ್ಲದ, ತಿಳಿ ಹಸಿರು ಬೀಜಗಳು. ಎಷ್ಟು ವರ್ಷ ಕುಯ್ದು, ಒಣಗಿಸಿ, ತುಂಬಿ ಕಳಿಸಿದ್ದಳೋ, ಹುರಿದಿದ್ದು ಮಾತ್ರ ಅವತ್ತೇ ಮೊದಲು. ಇಂಥದ್ದು ಸೀದುಹೋದರೆ ಏನು ಗತಿ ಅಂತ ಬಾಣಲೆ ಬಿಟ್ಟು ಅಲ್ಲಾಡಲಿಲ್ಲ. ಉರಿ ಸಣ್ಣಗೆ ಇಟ್ಟಳು. ಬೀಜ ಗೋಧಿಯ ಬಣ್ಣಕ್ಕೆ ತಿರುಗಿದ್ದೇ ತಡ, ಅಜ್ಜಿ "ಸಾಕು, ಸಾಕು, ಇಳಿಸು" ಎಂದು ಕೂಗಿದಳು, ಅಮ್ಮ ಇಳಿಸಿಯೇ ಬಿಟ್ಟಳು. ಬೆಲ್ಲದ ಬದಲು ಸಕ್ಕರೆ ಹಾಕಿದರು. ಅಪ್ಪನಿಗೆ ರುಚಿ ನೋಡಲೂ ಕೊಡಲಿಲ್ಲ.

ಅವರು ಬಂದರು. ಹುಡುಗ, ಅವನ ಅಪ್ಪ ಅಮ್ಮ, ಇನ್ನೊಬ್ಬರು ಸಂಬಂಧ ತಂದವರು. ಅತ್ತೆ ತಟ್ಟೆ ಇಟ್ಟು ಒಳಗೆ ಬಂದು ಬಾಗಿಲ ಹಿಂದೆ ನಿಂತಳು. ನಾನು ಅವಳ ಪಕ್ಕದಲ್ಲಿ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಜಗಲಿಯಲ್ಲಿ ಮೊದಲು ಲೋಟ ಎತ್ತಿದ್ದು ಹುಡುಗನ ಅಮ್ಮ. ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಅಜ್ಜಿಯ ಕಡೆ ತಿರುಗಿದರು.

"ಇದು ಕೊತ್ತಂಬ್ರಿ ಕಷಾಯನೇನವ್ವ? ನಮ್ಮೋರ್ಗೆ ಯಾರ್ಗೂ ಶೀತ ಇಲ್ಲ ಕಣವ್ವ."

"ಕಾಫಿ ಕಣವ್ವ. ಮಾರೋ ಕಾಫಿ. ನಿಮಗೆ ಅಂತ ಮೂಟೆ ಬಿಚ್ಚಿದ್ದು" ಎಂದಳು ಅಜ್ಜಿ.

"ಹೌದಾ? ನಮ್ಮನೇಲಿ ಹಿಂಗಿರಲ್ಲಪ್ಪ. ನಮ್ದು ಕಪ್ಪಗೆ ಇರ್ತದೆ."

ಹುಡುಗನ ಅಪ್ಪ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಗ ಮಾತ್ರ ಔಷಧಿ ಕುಡಿದ ಹಾಗೆ ಒಂದೇ ಸಲ ಕುಡಿದು ಕಣ್ಣು ಮುಚ್ಚಿದ. ನನಗೆ ನಗು ಬಂತು. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಅವಳ ಭುಜವೂ ಕುಲುಕುತ್ತಿತ್ತು. ಆಮೇಲೆ ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರು. ಸಂಬಂಧ ತಂದವರು ಅಪ್ಪನ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. "ಜಾತಕನೂ ಇಲ್ಲ, ಏನೂ ಇಲ್ಲ ಮಾರಾಯ. ಕಾಫಿ ತೋಟ ಇಟ್ಕೊಂಡು ಕಾಫಿ ಕಾಯ್ಸಕ್ಕೆ ಬರಲ್ವಲ್ಲ ಈ ಮನೆಯೋರ್ಗೆ ಅಂದ್ಬುಟ್ರು ಆಯಮ್ಮ."

ಇಂಥ ಕಥೆಯನ್ನು ಅಪ್ಪ ಬಿಟ್ಟಾನೆಯೇ? ಕುಯ್ಲು ಮುಗಿಯುವ ಹೊತ್ತಿಗೆ ಒಂದು ಸಂಜೆ ಅತ್ತೆ ಬಚ್ಚಲಿಗೆ ಹೋಗಿ ಎರಡು ಚೊಂಬು ಸುರಿದುಕೊಂಡಳೋ ಇಲ್ಲವೋ, ಅಪ್ಪ ಗಂಟಲು ಸರಿಮಾಡಿಕೊಂಡ. ಆಯಮ್ಮ ಲೋಟದೊಳಗೆ ನೋಡಿದ ರೀತಿ, ಹುಡುಗನ ಮುಖ, ಅಜ್ಜಿ ಇಳಿಸು ಇಳಿಸು ಎಂದದ್ದು, ಎಲ್ಲ ಮಾಡಿ ತೋರಿಸಿದ. ಒಳಗಿನಿಂದ ಅತ್ತೆಯೂ ಬಿಡುತ್ತಿರಲಿಲ್ಲ. "ಅಣ್ಣ, ಅತ್ಗೆನ ಬಯ್ಬೇಡ, ಅವ್ವ ಇಳಿಸು ಅಂದಿದ್ದಕ್ಕೆ ಇಳಿಸಿದ್ದು." "ಅಣ್ಣ, ಅದು ಹಿತ್ತಾಳೆ ಲೋಟ ಅಲ್ಲ, ಸ್ಟೀಲು." ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಪ್ಪನಿಗೆ ಹುರುಪು ಏರಿತು.

"ಅಲ್ಲ, ಹೋಗಿದ್ದೇ ಒಳ್ಳೇದಾಯ್ತು. ಏನೈತೆ ಆ ಮನೇಲಿ? ರಸ್ತೆ ಮೇಲಿನ ಮನೆ. ಹಗಲೂ ರಾತ್ರಿ ಬರ್‍ರ್ ಅಂತ ಲಾರಿ. ಅನ್ನದ ತಟ್ಟೆಗೆ ಧೂಳು. ಆ ಹುಡ್ಗನೋ, ಮೂತಿ ನೋಡಿದ್ರೆ…"

ಇಷ್ಟು ಹೇಳಿ ಅಪ್ಪ ನಿಲ್ಲಿಸಿದ. ಒಳಗೆ ನೀರಿನ ಸದ್ದಿರಲಿಲ್ಲ. ಚೊಂಬಿನ ಸದ್ದೂ ಇಲ್ಲ. ಅಮ್ಮ ಒಲೆಯೊಳಗಿನ ಕೊಂಬೆಯನ್ನು ಸುಮ್ಮನೆ ಮುಂದಕ್ಕೆ ತಳ್ಳಿದಳು. ಅಜ್ಜಿ ಅಪ್ಪನ ಕಡೆ ಒಂದು ನೋಟ ಬೀರಿದಳು. "ಗೆಣಸು ಬೆಂದಿರ್ಬೇಕು, ನೋಡೋ ಮೋಹ್ನ" ಎಂದಳು. ಅಂದು ಎಲ್ಲರಿಗೂ ದೊಡ್ಡ ದೊಡ್ಡ ಗೆಣಸು ಸಿಕ್ಕಿತು, ಯಾರೂ ಜಗಳವಾಡಲಿಲ್ಲ. ಅತ್ತೆ ತಲೆಗೆ ಟವಲು ಸುತ್ತಿಕೊಂಡು ಹೊರಗೆ ಬಂದಾಗ ಅವಳ ಕಣ್ಣು ಕೆಂಪಗಿತ್ತು. ಬಿಸಿನೀರು ಮಿಂದು ಹೊಗೆ ದಾಟಿ ಬಂದವರ ಕಣ್ಣು ಕೆಂಪಗೇ ಇರುತ್ತದೆ, ಅದರಿಂದ ಏನೂ ಹೇಳಲಾಗುವುದಿಲ್ಲ. ಆದರೂ ಬೆಂಕಿಯ ಮುಂದೆ ಕೂತ ನನಗೆ ಗೊತ್ತಾಗಿಬಿಟ್ಟಿತು: ಅತ್ತೆಗೆ ಆ ಹುಡುಗ ಇಷ್ಟವಾಗಿದ್ದ. ಮುಂದೆ ಅವಳನ್ನು ಹೆಗ್ಗದ್ದೆಗೆ ಕೊಟ್ಟರು. ಘಾಟಿ ಕಡೆಯ ಊರು, ಕಾಡಿನ ನಡುವೆ ಮನೆ. ಮಾವ ಒಳ್ಳೆಯವರು, ಮೆಲುಮಾತಿನವರು. ಅತ್ತೆ ಅಲ್ಲಿ ಚೆನ್ನಾಗಿಯೇ ಬಾಳಿದಳು, ಒಬ್ಬ ಮಗಳನ್ನು ಬೆಳೆಸಿದಳು. ಕಾಫಿಯ ಕಥೆಯನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅದು ನನ್ನೊಳಗೆ ಉಳಿಯಿತು.

ನಾನು ಬರೆಯಲು ಶುರು ಮಾಡಿದ್ದು ತಡವಾಗಿ. ಆಲೂರಿನಲ್ಲಿ ನನ್ನವರದು ಗೊಬ್ಬರದ ಅಂಗಡಿ. ಅವರು ಊಟ ಮಾಡಿ ಅಂಗಡಿಗೆ ಹೋದ ಮೇಲೆ ಅಡುಗೆಕಟ್ಟೆ ಒರೆಸಿ, ಅದೇ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ನಿಂತೇ ಬರೆಯುತ್ತಿದ್ದೆ. ಕೂತರೆ ನಿದ್ದೆ ಬರುತ್ತಿತ್ತು. ಮೊದಲ ಕಥೆ ವಾಪಸು ಬಂತು, ಎರಡನೆಯದೂ ಬಂತು. ಆಮೇಲೊಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು, ಇನ್ನೊಂದು ವಿಶೇಷಾಂಕದಲ್ಲಿ. ಈಗ ಒಬ್ಬ ಪ್ರಕಾಶಕರು ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡುತ್ತೇನೆ ಎಂದಿದ್ದಾರೆ. ಫೋನಿನಲ್ಲಿ ಮಾತಾಡುವಾಗ ಅವರು ಒಮ್ಮೆ, "ನಿಮ್ಮ ಕಥೆಗಳಲ್ಲಿ ಜನ ಮೊದಲು ಮಾತಾಡ್ತಾರೆ, ಅವರು ಹೇಗಿದ್ದಾರೆ ಅಂತ ಆಮೇಲೆ ಗೊತ್ತಾಗುತ್ತೆ. ಬೇಕು ಅಂತಲೇ ಹೀಗೆ ಮಾಡ್ತೀರಾ?" ಎಂದು ಕೇಳಿದರು. ಬಚ್ಚಲ ಗೋಡೆಯ ವಿಷಯ ಹೇಳಲು ನಾಚಿಕೆಯಾಗಿ, "ಅಭ್ಯಾಸ ಸರ್" ಎಂದೆ. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೂ ಎಲ್ಲೂ ಅಚ್ಚಾಗದ ಈ ಕಾಫಿಯ ಕಥೆ. ಬಾಗಿಲ ಹಿಂದೆ ನಿಂತ ಹುಡುಗಿ, ಮೆಚ್ಚಿದ ಹುಡುಗ ತನ್ನ ಮನೆಯ ಕಾಫಿಯನ್ನು ಔಷಧಿಯಂತೆ ಕುಡಿಯುವುದನ್ನು ನೋಡುವುದು. ಪುಸ್ತಕದ ಹೆಸರನ್ನೂ ಅದರಿಂದಲೇ ಇಡೋಣ ಎಂದರು. ಹೆಸರು, ಊರು ಬದಲಿಸಿದ್ದೆ. ಆದರೆ ಯಾರ ಕಥೆ ಎಂದು ನಮ್ಮ ಕಡೆಯ ಯಾರಿಗಾದರೂ ಗೊತ್ತಾಗುತ್ತದೆ. ಬಚ್ಚಲಲ್ಲಿ ಸುಮ್ಮನಾದವರ ಕಥೆಯನ್ನು ನಾನು ಮುಂದುವರಿಸಿದ್ದೆ. ಅತ್ತೆಗೆ ಕೇಳಿಸದೆ ಅಚ್ಚಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಕೇಳಿಸಿ, ಅವಳು ಮತ್ತೆ ಸುಮ್ಮನಾದರೆ? ಹಾಗಾದರೆ ಆ ಹಾಳೆಗಳನ್ನು ಪುಸ್ತಕದಿಂದ ತೆಗೆಯಬೇಕು ಅಂತ ನಿರ್ಧಾರ ಮಾಡಿಕೊಂಡಿದ್ದೆ. ಅದನ್ನು ತೆಗೆದರೆ ಪುಸ್ತಕದ ಬೆನ್ನೆಲುಬೇ ಹೋಗುತ್ತದೆ ಎನ್ನುವುದೂ ಗೊತ್ತಿತ್ತು.

ಕುಯ್ಲಿಗೆ ಮನೆಯ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ಈಗಲೂ ಉಳಿದಿದೆ. ಅಜ್ಜಿ, ಅಪ್ಪ, ಅಮ್ಮ ಈಗಿಲ್ಲ, ಮಾವನೂ ಇಲ್ಲ. ಆದರೂ ಅತ್ತೆ ಸಕಲೇಶಪುರದ ಮಗಳ ಮನೆಯಿಂದ, ನಾನು ಆಲೂರಿನಿಂದ, ಪ್ರತಿ ವರ್ಷ ಬರುತ್ತೇವೆ. ಮೋಹನ ಒಳಗೆ ಹೊಸ ಸ್ನಾನದ ಮನೆ ಕಟ್ಟಿಸಿ, ಮಾಡಿನ ಮೇಲೆ ಸೋಲಾರ್ ಕೂರಿಸಿದ್ದಾನೆ. ಅತ್ತೆ ಅದರೊಳಗೆ ಕಾಲಿಡುವುದಿಲ್ಲ. "ಆ ನೀರಿಗೆ ಹೊಗೆ ವಾಸ್ನೆ ಇಲ್ಲ, ಮೈಗೆ ಹತ್ತಲ್ಲ" ಎನ್ನುತ್ತಾಳೆ. ಅವಳಿಗಾಗಿ ಹಳೆಯ ಬಚ್ಚಲು ವರ್ಷಕ್ಕೊಂದು ತಿಂಗಳು ಎಚ್ಚರವಾಗುತ್ತದೆ.

ಇವತ್ತು ಸಂಜೆ ಅವಳು ಒಳಗೆ ಹೋದ ಮೇಲೆ ನಾನು ಒಲೆಯ ಮುಂದೆ ಮಣೆ ಹಾಕಿಕೊಂಡು ಹಾಳೆಗಳನ್ನು ತೆಗೆದೆ. ಉರಿಯ ಬೆಳಕು ಸಾಕಾಗಲಿಲ್ಲ. ಮೋಹನ ಬಂದು ತಗಡಿನ ಕೆಳಗಿನ ಬಲ್ಬು ಹಾಕಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಮೊದಲ ಚೊಂಬು ಬಿತ್ತು.

"ಅತ್ತೆ, ನಿನ್ನದೊಂದು ಕಥೆ ಐತೆ. ಹೇಳ್ಲಾ?" ಎಂದೆ.

"ಯಾವುದೇ? ಕಾಲಿಗೆ ಜಿಗಣೆ ಹತ್ತಿದ್ದಾ?"

"ಅಲ್ಲ. ಕಾಫಿದು."

ಒಂದು ಚೊಂಬು ನೀರು ಬಿದ್ದ ಸದ್ದು ಬಂತು. ಇನ್ನೊಂದು ಬಿತ್ತು. ಆಮೇಲೆ, "ಹೇಳು, ಹೇಳು. ನೀರು ಬೇಕಾದಷ್ಟೈತೆ ಇವತ್ತು" ಎಂದಳು.

ಓದತೊಡಗಿದೆ. ಒಂದು ಪುಟ ಮುಗಿಯುವುದರೊಳಗೆ ಒಳಗಿನಿಂದ ಶುರುವಾಯಿತು. ಹುಡುಗಿಯ ಸೀರೆ ಹಸಿರು ಎಂದು ಬರೆದಿದ್ದೆ. "ಹಸಿರಲ್ಲ ಕಣೇ, ನೇರಳೆ. ಅತ್ಗೆದು. ಸೆರಗಲ್ಲಿ ತೂತಿತ್ತು, ಒಳಗಡೆ ಮಡ್ಸಿದ್ದೆ." ತಿಂಡಿಗೆ ಶ್ಯಾವಿಗೆ ಎಂದಿದ್ದೆ. "ಶ್ಯಾವಿಗೆ ಯಾರು ಒತ್ತಿದ್ರು? ಕಡುಬು, ಕಾಯಿಹಾಲು." ಹುಡುಗನ ಅಮ್ಮನ ಮಾತು ಬಂದಾಗ ಅತ್ತೆ ನನಗಿಂತ ಮುಂಚೆ ತಾನೇ ಹೇಳಿದಳು, ಆ ಹೆಂಗಸಿನದೇ ದನಿಯಲ್ಲಿ: "ನಮ್ಮೋರ್ಗೆ ಯಾರ್ಗೂ ಶೀತ ಇಲ್ಲ ಕಣವ್ವ." ಮೋಹನ ನೆಲದ ಮೇಲೆ ಕೂತೇಬಿಟ್ಟ, ನಗು ತಡೆಯಲಾಗದೆ. ಸುಮಾ ರೊಟ್ಟಿ ಹಿಟ್ಟಿನ ಕೈಯಲ್ಲೇ ಹಿಂಬಾಗಿಲಿಗೆ ಬಂದು ನಿಂತಳು.

ಆಮೇಲೆ ಆ ಭಾಗ ಬಂತು. ಹುಡುಗಿ ಬಾಗಿಲ ಸಂದಿಯಿಂದ ಹುಡುಗನ ಕೈಬೆರಳುಗಳನ್ನು ನೋಡುವುದು, ಈ ಬೆರಳುಗಳು ತನಗೆ ಗೊತ್ತು ಎಂದು ಅವಳಿಗೆ ಅನ್ನಿಸುವುದು, ಅವನು ಕಣ್ಣು ಮುಚ್ಚಿದಾಗ ಅವಳೊಳಗೆ ಏನೋ ಕುಸಿಯುವುದು. ಎರಡು ಪುಟ ಅದೇ ಇತ್ತು. ಓದುತ್ತ ಹೋದಂತೆ ಒಳಗಿನ ಸದ್ದು ನಿಂತಿತು. ನೀರಿಲ್ಲ, ಚೊಂಬಿಲ್ಲ. ಮೋಹನ ನನ್ನ ಮುಖ ನೋಡಿದ. ನಾನು ಹಾಳೆಗಳನ್ನು ಮಡಚಿದೆ. ಕೊಂಬೆಯೊಂದನ್ನು ಒಲೆಯೊಳಕ್ಕೆ ತಳ್ಳಿದೆ, ಅಮ್ಮ ತಳ್ಳಿದ ಹಾಗೆ. ಗೆಣಸು ಬೆಂದಿದೆಯೇ ಎಂದು ಕಡ್ಡಿಯಲ್ಲಿ ಚುಚ್ಚಿದೆ.

"ಯಾಕೆ ನಿಲ್ಸಿದೆ?" ಎಂದಿತು ಒಳಗಿನ ದನಿ.

"ನೀನು ಸುಮ್ನಾದ್ಯಲ್ಲ ಅತ್ತೆ."

"ಸೋಪು ಕಣ್ಣಿಗೆ ಹೋಗ್ಬುಟ್ಟಿತ್ತು ಮಾರಾಯ್ತಿ. ಚೊಂಬು ಬೇರೆ ಕೈಗೆ ಸಿಗ್ಲಿಲ್ಲ."

ಮೋಹನನಿಗೆ ಮತ್ತೆ ನಗು ಶುರುವಾಯಿತು. ನನಗೆ ಬರಲಿಲ್ಲ. "ಅತ್ತೆ, ನಿಜ ಹೇಳು. ಇದನ್ನ ಹಾಕ್ಲಾ, ಬೇಡ್ವಾ? ನಿನಗೆ ಬೇಜಾರಾದ್ರೆ ತೆಗೀತೀನಿ."

"ಬೇಜಾರಲ್ಲ ಕಣೇ. ತಪ್ಪು ಬರ್ದಿದೀಯ. ಆ ಹುಡ್ಗನ ಬೆರಳ ಯಾರು ನೋಡಿದ್ರು? ಅವನ ಮುಖನೇ ನನಗೆ ನೆನಪಿಲ್ಲ. ಕಿವಿ ದೊಡ್ಡದಿತ್ತೇನೋಪ್ಪ."

"ಮತ್ತೆ ಅವತ್ತು? ಅಪ್ಪ ಹೇಳ್ತಿದ್ದಾಗ ಇಲ್ಲೇ ಸುಮ್ನಾಗಿದ್ದೆ. ನಾನು ಇಲ್ಲೇ ಕೂತಿದ್ದೆ."

ಸ್ವಲ್ಪ ಹೊತ್ತು ನೀರು ಸುರಿದುಕೊಂಡಳು. ಕೂದಲು ಹಿಂಡುವ ಸದ್ದು ಕೇಳಿತು. ಆಮೇಲೆ ಹೇಳಿದಳು, ಗೋಡೆಯ ಆಚೆಯಿಂದ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

"ಅಣ್ಣ ರಸ್ತೆನ ಬಯ್ದ. ಅದಕ್ಕೆ. ಹೊಲ್ಗೆ ಕ್ಲಾಸಿಗೆ ಹೋಗ್ತಾ ಬಸ್ಸಲ್ಲಿ ದಿನಾ ಆ ಮನೆ ನೋಡ್ತಿದ್ದೆ. ಅವರದ್ದು ಅಂತ ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾಯ್ತು. ಮುಂದ್ಗಡೆ ಒಂದು ಕಲ್ಲಿನ ಕಟ್ಟೆ. ಆಯಮ್ಮ ಅದರ ಮೇಲೆ ಕೂತ್ಕೊಂಡು ಅವರೆಕಾಯಿ ಸುಲೀತಿರೋರು. ಕೈ ಸುಲೀತಿರೋದು, ಕಣ್ಣು ರಸ್ತೆ ಮೇಲೆ. ಯಾವ್ಯಾವ ಊರಿನ ಬಸ್ಸು, ಯಾವ್ಯಾವ ಊರಿನ ಜನ, ಕಿಟಕೀಲಿ ಮುಖ ಇಟ್ಕೊಂಡು ಹೋಗೋರು. ಕೆಲ್ಸನೂ ಆಯ್ತು, ಜಗತ್ತೂ ನೋಡಿದಂಗಾಯ್ತು. ಆ ಕಟ್ಟೆ ಮೇಲೆ ಕೂರ್ಬೇಕು ಅಂತ ಆಸೆ ಇತ್ತು ಕಣೇ ನನಗೆ. ಹುಡ್ಗ ಅಲ್ಲ. ರಸ್ತೆ."

ಸುಮಾಳ ಕೈಯ ಹಿಟ್ಟು ಒಣಗಿ ಬಿರಿದಿತ್ತು.

"ಮತ್ತೆ ಹೆಗ್ಗದ್ದೆಗೆ ಕೊಟ್ಟಾಗ?" ಎಂದ ಮೋಹನ.

"ಅಲ್ಲಿ ಬಸ್ಸೂ ಇರ್ಲಿಲ್ಲ, ಬೀದಿನೂ ಇರ್ಲಿಲ್ಲ. ನವಿಲು ಬರೋವು. ನಿಮ್ಮ ಮಾವನಿಗೆ ಹೇಳಿದ್ದೆ ಒಂದ್ಸಲ. ಅವರು ಏನು ಮಾಡಿದ್ರು ಗೊತ್ತಾ? ಅಂಗಳದ ತುದೀಲಿ ಒಂದು ಕಟ್ಟೆ ಕಟ್ಟಿಸ್ಬುಟ್ರು. ಕೂತ್ಕೋ, ಯಾರಾದ್ರೂ ಬಂದ್ರೆ ನೋಡು ಅಂದ್ರು. ಬರೋರು ಯಾರು? ತಿಂಗ್ಳಿಗೆ ಒಬ್ಬ ಪೋಸ್ಟಿನೋನು. ಅವನನ್ನೇ ಬಸ್ಸು ಅಂದ್ಕೊಂಡು ನೋಡ್ತಿದ್ದೆ." ಒಳಗೆ ನಕ್ಕಳು. ಚೊಂಬು ಹಂಡೆಯ ತಳ ಮುಟ್ಟಿ ಕರಕರ ಅಂದಿತು. "ಬರಿ ನೀನು. ಆದ್ರೆ ಸರಿಯಾಗಿ ಬರಿ. ಆ ಬೆರಳು ಗಿರಳು ಎಲ್ಲ ತೆಗ್ದಾಕು. ಕಟ್ಟೆ ಹಾಕು. ನಿಮ್ಮ ಮಾವ ಕಟ್ಟಿಸಿದ್ದನ್ನೂ ಹಾಕು."

ಇಷ್ಟು ವರ್ಷ ಒಂದು ಹುಡುಗಿಯ ಮನಸ್ಸು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಆ ಮೌನವನ್ನು ಕೇಳಿಯೇ ನಾನು ಬರೆಯುವವಳಾದೆ ಎಂದೂ ಅಂದುಕೊಂಡಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಒಲೆಯ ಮುಂದೆ ಕೂತವರಿಗೆ ಸಿಗುವುದು ಅರ್ಧ ಮಾತ್ರ, ಉಳಿದದ್ದಕ್ಕೆ ಒಳಗಿದ್ದವರ ದನಿ ಬರುವ ತನಕ ಬೆಂಕಿ ಆರದಂತೆ ನೋಡಿಕೊಳ್ಳಬೇಕು. ದಿನಾ ಸಂಜೆ ಬಸ್ಸಿನ ಸದ್ದು ಗುರುತು ಹಿಡಿಯುತ್ತಿದ್ದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಅದನ್ನು ಗಡಿಯಾರ ಎಂದು ತಿಳಿದೆ.

ಅತ್ತೆ ಟವಲು ಸುತ್ತಿಕೊಂಡು ಹೊರಗೆ ಬಂದಳು, ಕಣ್ಣು ಕೆಂಪಗೆ. ಸೋಪು, ಹೊಗೆ, ಏನಾದರೂ ಇರಲಿ. ಮಣೆ ಎಳೆದುಕೊಂಡು ಬೆಂಕಿಗೆ ಬೆನ್ನು ಕೊಟ್ಟು ಕೂತಳು. ನಾನು ಪ್ರಕಾಶಕರಿಗೆ ಫೋನು ಹಚ್ಚಿದೆ. ಉಳಿದ ಕಥೆಗಳನ್ನು ನಾಳೆಯೇ ಕಳಿಸುತ್ತೇನೆ, ಇದೊಂದಕ್ಕೆ ಸ್ವಲ್ಪ ದಿನ ಬೇಕು ಎಂದೆ.

"ಯಾಕಮ್ಮ, ಅದು ಚೆನ್ನಾಗೇ ಇತ್ತಲ್ಲ?"

"ಒಳಗಿಂದ ಕೂಗಿದಾರೆ ಸರ್" ಎಂದುಬಿಟ್ಟೆ. ಅವರು ಏನು ತಿಳಿದುಕೊಂಡರೋ, ಆಗಲಿ ಎಂದರು.

"ನಾಳೆ ಕಳಿಸೋಕೆ ಎಲ್ಲಿಗೆ ಹೋಗ್ತೀಯ?" ಎಂದು ಅತ್ತೆ ಕೇಳಿದಳು.

"ಬಾಳ್ಳುಪೇಟೆಗೆ. ಕೊರಿಯರ್ ಅಲ್ಲೇ ಇರೋದು."

"ನಾನೂ ಬರ್ತೀನಿ."

"ಆ ಮನೆ ಈಗಿಲ್ಲ ಅತ್ತೆ. ರಸ್ತೆ ಅಗಲ ಮಾಡುವಾಗ ಹೋಯ್ತು" ಎಂದ ಮೋಹನ.

"ಮನೆ ಯಾರಿಗೆ ಬೇಕೋ? ರಸ್ತೆ ಅಗಲ ಆಗೈತಲ್ಲ, ಇನ್ನೂ ಒಳ್ಳೇದೇ ಆಯ್ತು. ಎಲ್ಲಾದ್ರೂ ಒಂದು ಬೆಂಚು ಇರುತ್ತೆ. ಸುಮಾ, ಸುಲಿಯೋಕೆ ಒಂದಿಷ್ಟು ಅವರೆಕಾಯಿ ಚೀಲಕ್ಕೆ ಹಾಕಿಡು."

ಅಕ್ಕಿ ರೊಟ್ಟಿ, ಹಿತಕಿದ ಅವರೆಕಾಳಿನ ಸಾರು, ಬದನೆಕಾಯಿ ಸುಟ್ಟ ಗೊಜ್ಜು ತಿಂದೆವು. ಗೆಣಸಿನಲ್ಲಿ ದೊಡ್ಡದನ್ನು ಮೋಹನ ಎತ್ತಿಕೊಂಡ, ನಾನು ಅದರಲ್ಲಿ ಅರ್ಧ ಕಿತ್ತುಕೊಂಡೆ. ಊಟದ ಮೇಲೆ ಸುಮಾ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು, ಉದುರು ಕಾಫಿಯದೇ, ಕಪ್ಪಗೆ. ಮೊದಲು ಮಲಗಿದ್ದು ಅತ್ತೆ. ರಾತ್ರಿಯ ಕೊನೆಯ ಮಂಗಳೂರು ಬಸ್ಸು ದಿಣ್ಣೆ ಏರುವ ಮುಂಚೆಯೇ ನಿದ್ದೆ ಹೋಗಿದ್ದಳು, ನಾಳೆ ಉಡಲು ನೇರಳೆ ಬಣ್ಣದ ಸೀರೆಯೊಂದನ್ನು ಮಡಚಿ ತಲೆದಿಂಬಿನ ಪಕ್ಕ ಇಟ್ಟುಕೊಂಡು.